ಎರಡು ಗಂಡು ಗಿನಿಪಿಗ್ ಹೊಂದಿಕೊಳ್ಳುತ್ತಿಲ್ಲವೇ? ಲಕ್ಷಣ ನೋಡಿ ಕಾರಣ ಹುಡುಕುವ ಬಗೆ

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಎರಡು ಗಂಡು ಗಿನಿಪಿಗ್ ಇವೆ. ಕಂದು ಬಣ್ಣದವನು ಬೆಲ್ಲ, ಕಪ್ಪಗಿರುವವನು ಮೆಣಸು. ಬೆಲ್ಲ ಮೊದಲು ಬಂದವನು. ಆಮೇಲೆ ಮೆಣಸನ್ನು ತಂದು ಅವನ ಜೊತೆ ಬಿಟ್ಟ ದಿನ ಐದೇ ನಿಮಿಷಕ್ಕೆ ಗುರ್ ಗುರ್ ಸದ್ದು ಶುರುವಾಯಿತು. ಅಮ್ಮ ಅಡುಗೆಮನೆಯಿಂದ ಓಡಿ ಬಂದರು. "ಅಯ್ಯೋ, ಕಚ್ಚಾಡ್ತಾವೆ ಕಣೋ, ಬಿಡಿಸೋ!" ನಾನೂ ಗಾಬರಿಯಾಗಿ ಬಿಡಿಸಿದೆ. ಮರುದಿನ ಮತ್ತೆ ಬಿಟ್ಟೆ, ಮತ್ತೆ ಗುರ್, ಮತ್ತೆ ಬಿಡಿಸಿದೆ. ಹೀಗೆ ಒಂದು ವಾರ ಹೋಯಿತು. ಪ್ರತಿ ಸಲವೂ ಅವು ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು, ಪ್ರತಿ ಸಲವೂ ಸಿಟ್ಟು ಸ್ವಲ್ಪ ಜಾಸ್ತಿಯೇ ಆಗುತ್ತಿತ್ತು.

ಆಮೇಲೆ ತಿಳಿಯಿತು: ನಾನು ಜಗಳ ಅಂದುಕೊಂಡದ್ದು ಯಾರು ಯಜಮಾನ ಎನ್ನುವ ಮಾತುಕತೆ. ಅದನ್ನು ಪೂರ್ತಿ ಮುಗಿಸಲು ಬಿಡಬೇಕಿತ್ತು. ಹಾಗಂತ ಎಲ್ಲವನ್ನೂ ಬಿಟ್ಟು ನೋಡುತ್ತಾ ಕೂರುವುದೂ ತಪ್ಪು. ನಿಜವಾದ ಕಾದಾಟವಾದರೆ ಒಂದು ನಿಮಿಷದಲ್ಲಿ ದೊಡ್ಡ ಗಾಯ ಆಗಬಹುದು. ಯಾವ ಲಕ್ಷಣಕ್ಕೆ ಸುಮ್ಮನಿರಬೇಕು, ಯಾವುದಕ್ಕೆ ಮಧ್ಯೆ ಹೋಗಬೇಕು, ಯಾವುದಕ್ಕೆ ಡಾಕ್ಟರ ಹತ್ತಿರ ಓಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಪ್ರತಿ ಭಾಗದಲ್ಲೂ ಖರ್ಚಿಲ್ಲದ, ಸುಲಭದ ಪರೀಕ್ಷೆ ಮೊದಲು ಬರುತ್ತದೆ.

ಒಟ್ಟಿಗೆ ಬಿಡುವ ಮುಂಚೆ

ಮೊದಲನೆಯದಕ್ಕೆ ಒಂದು ಪೈಸೆಯೂ ಬೇಡ. ಎರಡೂ ಗಂಡು ಹೌದಾ ಅಂತ ನೋಡಿ. ಅಂಗಡಿಯಲ್ಲಿ "ಎರಡೂ ಗಂಡು" ಎಂದು ಕೊಟ್ಟಿದ್ದು ಎರಡು ತಿಂಗಳಿಗೆ ಮರಿ ಹಾಕಿದ್ದನ್ನು ನಾನೇ ನೋಡಿದ್ದೇನೆ. ಮರಿಯಾಗಿದ್ದಾಗ ಗುರುತಿಸುವುದು ಕಷ್ಟ. ಒಬ್ಬರು ಗಿನಿಪಿಗ್ಗನ್ನು ಎದೆಗೆ ಒರಗಿಸಿ ಹಿಡಿದುಕೊಳ್ಳಲಿ, ಹಿಂಭಾಗಕ್ಕೆ ಇನ್ನೊಂದು ಕೈ ಆಸರೆ ಇರಲಿ. ಜನನಾಂಗದ ಸ್ವಲ್ಪ ಮೇಲೆ, ಹೊಟ್ಟೆಯ ಕಡೆ, ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗಂಡಿನದು ಹೊರಗೆ ಬರುತ್ತದೆ. ಹೆಣ್ಣಿನಲ್ಲಿ ಸೀಳು ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಕಾಣುತ್ತದೆ. ಅನುಮಾನ ಇದ್ದರೆ ಇವತ್ತೇ ಬೇರೆ ಹಾಕಿ. ಗಂಡು ಮರಿ ಮೂರು ವಾರಕ್ಕೇ ಹೆಣ್ಣನ್ನು ಬಸಿರು ಮಾಡಬಲ್ಲದು. ಬಸಿರಿನ ಅವಧಿ 59ರಿಂದ 72 ದಿನ.

ಎರಡನೆಯದು, ಹೊಸದನ್ನು ಎರಡರಿಂದ ಮೂರು ವಾರ ಬೇರೆ ಕೋಣೆಯಲ್ಲಿ ಇಡುವುದು. ಇದನ್ನು ಯಾರೂ ಮಾಡುವುದಿಲ್ಲ, ಮಕ್ಕಳಿಗೆ ತಡೆಯುವುದೇ ಇಲ್ಲ. ಆದರೆ ಹುಳಕಡ್ಡಿ, ತುರಿ ಹುಳ, ಉಸಿರಾಟದ ಸೋಂಕು ಇವೆಲ್ಲ ಹೊಸದರ ಜೊತೆಗೇ ಬರುತ್ತವೆ. ನಮ್ಮ ಕಡೆ ಮಳೆಗಾಲದ ತೇವದಲ್ಲಿ ಹುಳಕಡ್ಡಿ ಬೇಗ ಹರಡುತ್ತದೆ, ಮಕ್ಕಳ ಕೈಗೂ ಅಂಟುತ್ತದೆ. ಕೂದಲು ಉದುರಿ ದುಂಡಗೆ ಬೋಳಾದ ಜಾಗ, ಮೂಗು ಕಣ್ಣಿನ ಸುತ್ತ ಹೊಟ್ಟಿನ ಪದರ, ಸೀನು, ಮೂಗು ಸೋರುವುದು ಕಂಡರೆ ಪರಿಚಯ ಮುಂದೂಡಿ, ಮೊದಲು ಚಿಕಿತ್ಸೆ ಮಾಡಿಸಿ. ಹೊಸದನ್ನು ಮುಟ್ಟಿದ ಮೇಲೆ ಕೈ ತೊಳೆಯದೆ ಹಳೆಯದನ್ನು ಮುಟ್ಟಬೇಡಿ.

ಮೂರನೆಯದು ಜಾಗ. ಅಂಗಡಿಯಲ್ಲಿ ಸಿಗುವ ಎರಡಡಿ ಉದ್ದದ ತಂತಿ ಗೂಡಿನಲ್ಲಿ ಎರಡು ಗಂಡು ಇಟ್ಟರೆ ಎಷ್ಟೇ ಸಾಧು ಪ್ರಾಣಿಯಾದರೂ ಜಗಳ ಬಂದೇ ಬರುತ್ತದೆ. ಐದು ಅಡಿ ಉದ್ದ, ಎರಡೂವರೆ ಅಡಿ ಅಗಲ ಇರಲಿ. ಮಹಡಿ ಕಟ್ಟಿದ ಗೂಡಿಗಿಂತ ಒಂದೇ ನೆಲದಲ್ಲಿ ಉದ್ದಕ್ಕೆ ಇರುವುದು ಮೇಲು, ಅವು ಓಡುವ ಪ್ರಾಣಿ. ನೆಲ ತಂತಿಯದ್ದು ಬೇಡ, ಪಾದ ಹುಣ್ಣಾಗುತ್ತದೆ. ನೀರಿನ ಬಾಟಲಿ, ತಿನ್ನುವ ಬಟ್ಟಲು, ಹುಲ್ಲಿನ ರಾಶಿ, ಅಡಗುವ ಡಬ್ಬ, ಎಲ್ಲವೂ ಎರಡೆರಡು ಇರಬೇಕು. ಅವನ್ನು ಒಂದೇ ಮೂಲೆಯಲ್ಲಿ ಗುಂಪು ಮಾಡದೆ ಎರಡು ತುದಿಗೆ ಇಡಿ. ಅಡಗುವ ಡಬ್ಬಕ್ಕೆ ಎರಡು ಬಾಗಿಲು ಕತ್ತರಿಸಿ. ಒಂದೇ ಬಾಗಿಲಿದ್ದರೆ ಒಳಗೆ ಸಿಕ್ಕಿಬಿದ್ದವನಿಗೆ ಕಚ್ಚುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ವಯಸ್ಸಿನ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಬೆಳೆದ ಗಂಡಿನ ಜೊತೆ ಎರಡು ತಿಂಗಳೊಳಗಿನ ಗಂಡು ಮರಿ ಎಲ್ಲಕ್ಕಿಂತ ಸುಲಭ. ಎರಡೂ ಹರೆಯದವಾದರೆ, ಅಂದರೆ ಸುಮಾರು ಮೂರು ತಿಂಗಳಿಂದ ಒಂದು ವರ್ಷದೊಳಗೆ, ಎಲ್ಲಕ್ಕಿಂತ ಕಷ್ಟ. ಮೂರು ಗಂಡುಗಳನ್ನು ಒಟ್ಟಿಗೆ ಇಡುವ ಆಸೆ ಬೇಡವೇ ಬೇಡ.

ಬಿಡುವ ದಿನ

ಹಳೆಯದರ ಗೂಡಿನಲ್ಲಿ ಹೊಸದನ್ನು ಇಳಿಸಬೇಡಿ. ಎರಡಕ್ಕೂ ಪರಿಚಯ ಇಲ್ಲದ ಜಾಗ ಬೇಕು. ನಾವು ನಡುಮನೆಯಲ್ಲಿ ಒಗೆದ ಜಮಖಾನ ಹಾಸಿದೆವು. ರೆಡ್ ಆಕ್ಸೈಡ್ ನೆಲದ ಮೇಲೆ ಹಾಗೇ ಬಿಟ್ಟರೆ ಕಾಲು ಜಾರಿ ಹೆದರುತ್ತವೆ. ಸುತ್ತ ರಟ್ಟಿನ ಪೆಟ್ಟಿಗೆಗಳನ್ನು ಅಡ್ಡ ಇಟ್ಟು ಆರಡಿ ಅಂಗಳ ಮಾಡಿ. ನಡುವೆ ದೊಡ್ಡ ಹುಲ್ಲಿನ ರಾಶಿ, ಅದರ ಮೇಲೆ ಕೊತ್ತಂಬರಿ ಸೊಪ್ಪು ಹರಡಿ. ಬಾಯಿಗೆ ಕೆಲಸ ಇದ್ದರೆ ಅರ್ಧ ಸಿಟ್ಟು ಇಳಿಯುತ್ತದೆ.

ಬೆಳಿಗ್ಗೆ ಶುರು ಮಾಡಿ, ರಜಾ ದಿನ ಆರಿಸಿಕೊಳ್ಳಿ. ಎರಡರಿಂದ ನಾಲ್ಕು ಗಂಟೆ ಪಕ್ಕದಲ್ಲೇ ಕೂರಬೇಕು. ಕೈಗೆಟುಕುವಂತೆ ದಪ್ಪ ಟವೆಲ್ ಮತ್ತು ಹಳೇ ಮೊರ ಅಥವಾ ಗಟ್ಟಿ ರಟ್ಟು ಇರಲಿ. ನಾಯಿ, ಬೆಕ್ಕು ಕೋಣೆಯಿಂದ ಹೊರಗೆ. ಹೆಣ್ಣು ಗಿನಿಪಿಗ್ ಮನೆಯಲ್ಲಿದ್ದರೆ ಅದನ್ನು ಮುಟ್ಟಿದ ಕೈಯಲ್ಲಿ ಇವನ್ನು ಮುಟ್ಟಬೇಡಿ, ಆ ವಾಸನೆಗೇ ಗಂಡುಗಳು ಕೆರಳುತ್ತವೆ.

ಸ್ನಾನ ಮಾಡಿಸಿ ಬಿಟ್ಟರೆ ವಾಸನೆ ಹೋಗಿ ಒಂದಾಗುತ್ತವೆ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒದ್ದೆಯಾಗಿ, ಚಳಿಗೆ ನಡುಗುತ್ತಾ, ಹೆದರಿದ ಪ್ರಾಣಿ ಇನ್ನೊಂದರ ಪಕ್ಕ ಮುದುರಿ ಕೂರುತ್ತದೆ ನಿಜ. ಅದು ಸ್ನೇಹ ಅಲ್ಲ, ಭಯ. ಮಲೆನಾಡಿನ ಚಳಿಗೆ ನೆಗಡಿಯೂ ಸೇರಿಕೊಳ್ಳುತ್ತದೆ.

ಗುರ್ ಎನ್ನುತ್ತಾ ಸೊಂಟ ಕುಣಿಸುತ್ತವೆ, ಮೇಲೆ ಹತ್ತುತ್ತವೆ, ಅಟ್ಟಾಡಿಸುತ್ತವೆ

ಎಲ್ಲರೂ ಹೆದರುವುದು ಇದಕ್ಕೇ, ಮತ್ತು ಹೆದರಬೇಕಾಗಿಲ್ಲದ್ದೂ ಇದೇ. ಮೊಬೈಲ್ ಮೇಜಿನ ಮೇಲೆ ವೈಬ್ರೇಟ್ ಆದ ಹಾಗೆ ತಗ್ಗಿದ ಸದ್ದು, ಹಿಂಭಾಗ ಎಡಕ್ಕೂ ಬಲಕ್ಕೂ ನಿಧಾನಕ್ಕೆ ತೂಗುವುದು, ಇನ್ನೊಂದರ ಸುತ್ತ ಸುತ್ತುವುದು. "ನಾನು ಇಲ್ಲಿ ದೊಡ್ಡವನು" ಎನ್ನುವ ಮಾತು ಅದು. ಹಿಂದೆ ಮೂಸುವುದು, ಮೂಗಿನಿಂದ ತಳ್ಳುವುದು, ಬೆನ್ನು ಹತ್ತುವುದು, ಹಿಂಭಾಗವನ್ನು ನೆಲಕ್ಕೆ ಉಜ್ಜಿ ಎಳೆಯುವುದು, ಮೂಗು ಮೇಲೆತ್ತಿ ಎದುರು ಬದುರು ನಿಲ್ಲುವುದು, ಎಲ್ಲವೂ ಇದೇ ಸಾಲಿನವು. ಮೂಗು ಎತ್ತಿ ನಿಂತಾಗ ಒಂದು ತಲೆ ತಗ್ಗಿಸಿ ತಿರುಗಿ ಹೋದರೆ ಆ ಸುತ್ತು ಅಲ್ಲಿಗೆ ಮುಗಿಯಿತು.

ಏನು ಮಾಡಬೇಕು? ಏನೂ ಮಾಡಬಾರದು. ಕೈ ಹಾಕಬೇಡಿ, ಎತ್ತಿಕೊಳ್ಳಬೇಡಿ. ಹುಲ್ಲು ಖಾಲಿಯಾದರೆ ಹಾಕಿ, ಅಷ್ಟೇ. ಮೊದಲ ಒಂದು ಗಂಟೆ ಇದು ಜೋರಾಗಿ ನಡೆಯುತ್ತದೆ. ನಡುನಡುವೆ ಒಂದು ನಿಮಿಷ ಹುಲ್ಲು ತಿನ್ನುತ್ತವೆ, ಮೈ ನೆಕ್ಕಿಕೊಳ್ಳುತ್ತವೆ, ಮತ್ತೆ ಶುರು. ನೀವು ನೋಡಬೇಕಾದದ್ದು ಆ ಬಿಡುವು. ಬಿಡುವು ಉದ್ದವಾಗುತ್ತಾ ಹೋದರೆ ಸರಿಯಾದ ದಾರಿಯಲ್ಲಿದ್ದೀರಿ. ಗದ್ದಲ ಪೂರ್ತಿ ತಣ್ಣಗಾಗಲು ಎರಡು ವಾರದವರೆಗೂ ಹಿಡಿಯಬಹುದು.

ಒಂದು ವೀಂ ವೀಂ ಎಂದು ಕಿರುಚುತ್ತದೆ

ಕೇಳಿದರೆ ಯಾರೋ ಕೊಲ್ಲುತ್ತಿದ್ದಾರೆ ಅನ್ನಿಸುತ್ತದೆ. ಹೆಚ್ಚಿನ ಸಲ ಅದು ಸೋತವನ ಸದ್ದು. "ಆಯಿತು, ನೀನೇ ದೊಡ್ಡವನು, ಬಿಡು" ಎಂಬ ಅರ್ಥ. ಸದ್ದು ಮಾಡಿದವನನ್ನು ಬಿಟ್ಟು ಇನ್ನೊಂದರ ಮೇಲೆ ಕಣ್ಣಿಡಿ. ಕಿರುಚಿದ ಮೇಲೆ ಅದು ಹಿಂದೆ ಸರಿದರೆ ಮಾತು ಅರ್ಥವಾಗಿದೆ. ಕಿರುಚಿದರೂ ಬಿಡದೆ ಮೂಲೆಗೆ ಒತ್ತಿ ಕೂದಲು ಕೀಳುತ್ತಿದ್ದರೆ ಮುಂದಿನ ಭಾಗ ಓದಿ.

ಎಲ್ಲ ಮುಗಿದು ಶಾಂತವಾಗಿರುವಾಗ ಸೋತವನನ್ನು ಒಮ್ಮೆ ಎತ್ತಿ ಮೈಮೇಲೆ ಕೈಯಾಡಿಸಿ. ಬೆನ್ನು, ಕಿವಿ, ತುಟಿ, ಬಾಲದ ಜಾಗ, ವೃಷಣ ನೋಡಿ. ಗಂಡುಗಳು ಕಚ್ಚುವುದು ಹೆಚ್ಚಾಗಿ ಹಿಂಭಾಗಕ್ಕೆ, ಕೂದಲಿನಡಿ ಗಾಯ ಕಾಣುವುದಿಲ್ಲ. ಕಿವಿಯ ಅಂಚಿನಲ್ಲಿ ಸಣ್ಣ ಗೀರು ಇದ್ದರೆ ಅದಕ್ಕೇ ಬೇರೆ ಮಾಡಬೇಕಾಗಿಲ್ಲ, ತೊಳೆದು ಗಮನಿಸಿ.

ಹಲ್ಲು ಕಟಕಟ, ಕತ್ತಿನ ಕೂದಲು ನೆಟ್ಟಗೆ, ಬಾಯಿ ಅಗಲಿಸಿ ಆಕಳಿಕೆ

ಎಚ್ಚರಿಕೆಯ ಗಂಟೆ ಇಲ್ಲಿಂದ. ಆಕಳಿಕೆ ನಿದ್ದೆಯದ್ದಲ್ಲ, ಹಲ್ಲು ತೋರಿಸುವುದು. ಸ್ವಲ್ಪ ಹೊತ್ತು ಕಟಕಟ ಮಾಡಿ ಬೇರೆ ಬೇರೆ ದಿಕ್ಕಿಗೆ ಹೋದರೆ ಸುಮ್ಮನಿರಿ. ಎರಡೂ ಎದುರೆದುರು ಕದಲದೆ ನಿಂತು, ಕೂದಲು ನಿಗುರಿಸಿ, ಕಟಕಟ ನಿಲ್ಲಿಸದಿದ್ದರೆ ಗಮನ ತಪ್ಪಿಸಬೇಕು.

ಇದಕ್ಕೆ ಕೈ ಬೇಡ. ಮೊದಲು ಪಕ್ಕದಲ್ಲಿ ಕಾಗದದ ಚೀಲ ಸರಪರ ಮಾಡಿ, ಹಿಡಿ ಹಸಿ ಗರಿಕೆ ಎಸೆಯಿರಿ. ಆಗದಿದ್ದರೆ ರಟ್ಟನ್ನು ಅಥವಾ ಮೊರವನ್ನು ನಡುವೆ ಜಾರಿಸಿ, ಅರ್ಧ ನಿಮಿಷ ಒಬ್ಬರಿಗೊಬ್ಬರು ಕಾಣದಂತೆ ಹಿಡಿಯಿರಿ. ತೆಗೆದಾಗ ಎಷ್ಟೋ ಸಲ ಯಾವುದಕ್ಕೆ ನಿಂತಿದ್ದೆವು ಎನ್ನುವುದೇ ಮರೆತು ಹುಲ್ಲಿಗೆ ಹೋಗುತ್ತವೆ. ಹೀಗೆ ಅರ್ಧ ಗಂಟೆಯಲ್ಲಿ ನಾಲ್ಕೈದು ಸಲ ಅಡ್ಡ ಹಿಡಿಯಬೇಕಾದರೆ ಆ ದಿನಕ್ಕೆ ನಿಲ್ಲಿಸಿ.

ಮೇಲೆ ಹಾರಿ ಕಚ್ಚುತ್ತವೆ, ಒಂದಕ್ಕೊಂದು ಸುತ್ತಿಕೊಂಡು ಉರುಳುತ್ತವೆ

ಇಲ್ಲಿ ಕಾಯುವ ಮಾತಿಲ್ಲ. ಎರಡೂ ಹಿಂಗಾಲಿನ ಮೇಲೆ ನಿಂತು ಮುಖಕ್ಕೆ ಹಾಯುವುದು, ಉಂಡೆಯಾಗಿ ಉರುಳುವುದು, ಒಂದು ಕಚ್ಚಿ ಹಿಡಿದು ಬಿಡದಿರುವುದು ನಿಜವಾದ ಕಾದಾಟ. ಟವೆಲ್ ಮೇಲೆ ಹಾಕಿ, ಮೊರ ನಡುವೆ ತೂರಿಸಿ, ಟವೆಲ್ ಸಮೇತ ಒಂದನ್ನು ಎತ್ತಿ. ಬರಿಗೈ ಹಾಕಲೇಬೇಡಿ. ಆ ಹೊತ್ತಿನಲ್ಲಿ ಅದು ನಿಮ್ಮ ಗುರುತು ಹಿಡಿಯುವುದಿಲ್ಲ, ಬೆರಳಿಗೆ ಹಲ್ಲು ಆಳಕ್ಕೆ ಇಳಿಯುತ್ತದೆ. ಕೈಗೆ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಿ, ಟಿಟಿ ಇಂಜೆಕ್ಷನ್ ಬೇಕಾ ಕೇಳಿ. ಬಿಡಿಸುವ ಕೆಲಸಕ್ಕೆ ಮಕ್ಕಳನ್ನು ಹತ್ತಿರ ಬಿಡಬೇಡಿ.

ಇನ್ನು ಗಿನಿಪಿಗ್ಗಿನ ಗಾಯ. ಎರಡನ್ನೂ ಬೇರೆ ಮಾಡಿ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಕದಡಿ, ಅದರಲ್ಲಿ ಸ್ವಚ್ಛ ಬಟ್ಟೆ ಅದ್ದಿ ಒರೆಸಿ. ರಕ್ತ ಸೋರುತ್ತಿದ್ದರೆ ಬಟ್ಟೆಯನ್ನು ಐದು ನಿಮಿಷ ಒತ್ತಿ ಹಿಡಿಯಿರಿ. ನಮ್ಮ ಕಡೆ ಗಾಯಕ್ಕೆ ಕಾಫಿಪುಡಿ ಮೆತ್ತುವ ಅಭ್ಯಾಸ ಇದೆ. ಇವಕ್ಕೆ ಅದು ಬೇಡ. ಅವು ಮೈಯೆಲ್ಲ ನೆಕ್ಕಿಕೊಳ್ಳುತ್ತವೆ, ಪುಡಿ ಹೊಟ್ಟೆಗೆ ಹೋಗುತ್ತದೆ. ಗಾಯ ಒಳಗೆ ಮುಚ್ಚಿಕೊಂಡು ಕೀವೂ ಆಗುತ್ತದೆ.

ಅದೇ ದಿನ ಡಾಕ್ಟರಿಗೆ ತೋರಿಸಬೇಕಾದ ಗಾಯಗಳು ಇವು: ಚರ್ಮ ಬಾಯಿ ಬಿಟ್ಟಿರುವುದು, ಚೂಪಾದ ತೂತಿನಂಥ ಕಡಿತ, ಕಣ್ಣಿನ ಹತ್ತಿರದ್ದು, ವೃಷಣದ ಮೇಲಿನದ್ದು, ಹತ್ತು ನಿಮಿಷಕ್ಕೂ ರಕ್ತ ನಿಲ್ಲದಿರುವುದು. ತೂತಿನ ಕಡಿತ ಮೇಲಿಂದ ಏನೂ ಇಲ್ಲದಂತೆ ಕಾಣುತ್ತದೆ, ಕೆಲವು ದಿನ ಬಿಟ್ಟು ಗಡ್ಡೆಯಾಗಿ ಊದಿ ಕೀವು ತುಂಬುತ್ತದೆ. ಹಾಗಾಗಿ ಎರಡು ವಾರ ದಿನಾ ಕೈಯಾಡಿಸಿ ನೋಡಿ. ಮಳೆಗಾಲದಲ್ಲಿ ನೊಣದ ಕಾಟ ಬೇರೆ. ತೆರೆದ ಗಾಯದಲ್ಲಿ ಮೊಟ್ಟೆಯಿಟ್ಟು ಹುಳವಾದರೆ ಗಂಟೆಗಳಲ್ಲಿ ಜೀವಕ್ಕೆ ಅಪಾಯ.

ಈ ಒಂದು ಮಾತು ದಯವಿಟ್ಟು ನೆನಪಿಡಿ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಕೊಡಬೇಡಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಪೆನಿಸಿಲಿನ್ ಗುಂಪಿನ ಔಷಧಿ ಬಾಯಿಗೆ ಹಾಕಿದರೆ ಗಿನಿಪಿಗ್ಗಿನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷಕಾರಿ ಬ್ಯಾಕ್ಟೀರಿಯಾ ಬೆಳೆದು ಪ್ರಾಣಿಯೇ ಸಾಯಬಹುದು. ನಾಯಿಗೆ ಕೊಟ್ಟಿದ್ದು, ಮಗುವಿಗೆ ಕೊಟ್ಟಿದ್ದು, ಯಾವುದೂ ಬೇಡ. ದನ, ನಾಯಿ ನೋಡಿಯೇ ಅಭ್ಯಾಸವಿರುವ ಡಾಕ್ಟರಾದರೆ ನೀವೇ ವಿನಯದಿಂದ ನೆನಪಿಸಿ: "ಸರ್, ಇದಕ್ಕೆ ಪೆನಿಸಿಲಿನ್ ಆಗಲ್ವಂತೆ, ಒಮ್ಮೆ ನೋಡ್ತೀರಾ?" ಒಳ್ಳೆಯ ಡಾಕ್ಟರು ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಎಲ್ಲಿಗೆ ಹೋಗುವುದು? ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬರುವುದು ದನ, ಕುರಿ, ನಾಯಿ. ಆದ್ದರಿಂದ ಗಲಾಟೆ ಆಗುವ ಮುಂಚೆಯೇ, ಆರಾಮಾಗಿರುವ ಒಂದು ದಿನ, ಫೋನ್ ಮಾಡಿ ಗಿನಿಪಿಗ್ ನೋಡುತ್ತೀರಾ ಎಂದು ವಿಚಾರಿಸಿ ಹೆಸರು ಬರೆದಿಟ್ಟುಕೊಳ್ಳಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಚಿಕ್ಕಮಗಳೂರಿನಿಂದ ಬೇಲೂರಿನ ಮೇಲೆ ಹೋದರೆ ಸುಮಾರು 60 ಕಿಲೋಮೀಟರ್. ಹೋಗುವಾಗ ಗಾಳಿಯಾಡುವ ಪೆಟ್ಟಿಗೆ, ಟವೆಲ್, ಹುಲ್ಲು, ಒಂದು ಸೌತೆಕಾಯಿ ತುಂಡು ಇರಲಿ. ಕಾದಾಡಿದವನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕಬೇಡಿ.

ನಡುಮನೆಯಲ್ಲಿ ಸ್ನೇಹ, ಗೂಡಿಗೆ ಹಾಕಿದ ಕೂಡಲೇ ಜಗಳ

ಇದು ಬಹಳ ಸಾಮಾನ್ಯ, ಕಾರಣವೂ ಸರಳ. ಗೂಡು ಹಳೆಯವನ ವಾಸನೆ ಹೊಡೆಯುತ್ತಿದೆ. ಹಳೇ ಹಾಸು ಪೂರ್ತಿ ತೆಗೆಯಿರಿ. ಅರ್ಧ ನೀರು, ಅರ್ಧ ವಿನೆಗರ್ ಹಾಕಿ ತಳ ತಿಕ್ಕಿ ಒರೆಸಿ, ಬಿಸಿಲಿಗೆ ಒಣಗಿಸಿ. ಬಟ್ಟಲು, ಡಬ್ಬ ಎಲ್ಲವನ್ನೂ ತೊಳೆದು ಜಾಗ ಬದಲಿಸಿ ಇಡಿ. ನಡುಮನೆಯಲ್ಲಿ ಎರಡೂ ಒರಗಿದ್ದ ಜಮಖಾನದ ತುಂಡನ್ನು ಒಳಗೆ ಹಾಸಿ. ಮೊದಲ ದಿನ ಅಡಗುವ ಡಬ್ಬದ ಬದಲು ಎರಡು ಕಡೆ ತೆರೆದ ಮಂಟಪದಂತೆ ಬಟ್ಟೆ ಇಳಿಬಿಟ್ಟರೆ ಸಾಕು. ಗೂಡು ಬದಲಾಯಿಸಿದ ಮೇಲೆ ಹೊಸದಾಗಿ ಒಂದು ಸುತ್ತು ಗುರ್ ಗುರ್ ಬರುತ್ತದೆ, ಅದು ಸಹಜ.

ಗೂಡಿನಲ್ಲಿ ಹಾಸಲು ಸಾ ಮಿಲ್ಲಿನ ನುಣ್ಣನೆ ಮರದ ಹೊಟ್ಟು, ತೋಟದ ಕಾಫಿ ಸಿಪ್ಪೆ ಬಳಸಬೇಡಿ. ಹೊಟ್ಟಿನ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ, ಸಿಪ್ಪೆಯಲ್ಲಿ ಕೆಫೀನ್ ಇರುತ್ತದೆ. ಹಳೇ ಪೇಪರಿನ ಮೇಲೆ ಹತ್ತಿ ಟವೆಲ್ ಹಾಸಿ ದಿನಾ ಬದಲಿಸಿದರೆ ಸಾಕಾಗುತ್ತದೆ.

ತಿಂಗಳುಗಟ್ಟಲೆ ಚೆನ್ನಾಗಿದ್ದವು, ಈಗ ಇದ್ದಕ್ಕಿದ್ದಂತೆ ಕಿತ್ತಾಟ

ನನಗೆ ಇದು ಆಗಿದ್ದು ಪುನರ್ವಸು ಮಳೆಯಲ್ಲಿ. ಅಲ್ಲಿಯವರೆಗೆ ಬೆಲ್ಲ, ಮೆಣಸು ಇಬ್ಬರೂ ಜಗುಲಿಯ ದೊಡ್ಡ ಅಂಗಳದಲ್ಲಿದ್ದರು. ಇರಚಲು ಹೊಡೆಯಲು ಶುರುವಾದಾಗ ಒಳಗೆ ತಂದು ಒಂದು ಸಣ್ಣ ಪೆಟ್ಟಿಗೆಯಲ್ಲಿ ಇಟ್ಟೆ. ನಾಲ್ಕನೇ ದಿನಕ್ಕೆ ಮೆಣಸಿನ ಬೆನ್ನಿನ ಕೂದಲು ಕಿತ್ತು ಬಂದಿತ್ತು. ನಾನು ಸ್ವಭಾವ ಕೆಟ್ಟಿತು ಅಂದುಕೊಂಡೆ. ಕೆಟ್ಟಿದ್ದು ಜಾಗ. ಮಂಚದ ಕೆಳಗಿನ ಉದ್ದಕ್ಕೂ ಅಂಗಳ ಮಾಡಿಕೊಟ್ಟ ಮೇಲೆ ಮೂರು ದಿನಕ್ಕೆ ತಣ್ಣಗಾದರು. ಹಾಗಾಗಿ ಮೊದಲ ಪ್ರಶ್ನೆ: ಇತ್ತೀಚೆಗೆ ಏನು ಬದಲಾಯಿತು? ಜಾಗ ಕಡಿಮೆಯಾಯಿತಾ, ಬಟ್ಟಲು ಒಂದೇ ಆಯಿತಾ, ಮನೆಗೆ ಹೆಣ್ಣು ಗಿನಿಪಿಗ್ ಬಂತಾ?

ಎರಡನೆಯದು ವಯಸ್ಸು. ಮೂರನೇ ತಿಂಗಳಿಂದ ಒಂದು ವರ್ಷ ದಾಟುವವರೆಗೂ ಹರೆಯದ ಬಿಸಿ ಇರುತ್ತದೆ. ಮರಿಯಾಗಿ ತಂದ ಅಣ್ಣ ತಮ್ಮಂದಿರೂ ಆಗ ಮುನಿಸಿಕೊಳ್ಳುತ್ತಾರೆ. ಗಾಯ ಆಗದಿದ್ದರೆ ಜಾಗ ಹೆಚ್ಚಿಸಿ, ತಾಳ್ಮೆಯಿಂದ ದಾಟಿಸಿ.

ಮೂರನೆಯದು ನೋವು, ಮತ್ತು ಇದೇ ಎಲ್ಲರಿಗೂ ತಪ್ಪಿಹೋಗುವುದು. ಮೈಯಲ್ಲಿ ನೋವಿದ್ದ ಪ್ರಾಣಿ ಹತ್ತಿರ ಬಂದವನನ್ನು ಕಚ್ಚುತ್ತದೆ. ನಮ್ಮ ಹಾಗೆಯೇ ಗಿನಿಪಿಗ್ಗಿಗೂ ವಿಟಮಿನ್ ಸಿ ಮೈಯಲ್ಲಿ ತಯಾರಾಗುವುದಿಲ್ಲ. ದಿನಕ್ಕೆ 10ರಿಂದ 30 ಮಿಲಿಗ್ರಾಂ ಆಹಾರದಿಂದಲೇ ಸಿಗಬೇಕು. ಬರೀ ಒಣಹುಲ್ಲು, ಅನ್ನ, ಬಿಸ್ಕತ್ತಿನ ಮೇಲೆ ಬೆಳೆದರೆ ಗಂಟುಗಳು ಊದಿ ನೋಯುತ್ತವೆ, ಒಸಡಿನಲ್ಲಿ ರಕ್ತ ಬರುತ್ತದೆ, ಕುಂಟುತ್ತದೆ, ಮುಟ್ಟಿದರೆ ಕಿರುಚುತ್ತದೆ. ದಿನಾ ಒಂದು ಚೂರು ದೊಣ್ಣೆ ಮೆಣಸಿನಕಾಯಿ, ಸ್ವಲ್ಪ ಕೊತ್ತಂಬರಿ ಕೊಡಿ. ಆಗಾಗ ತೆಳ್ಳಗೆ ಕತ್ತರಿಸಿದ ಸೀಬೆಹಣ್ಣಿನ ತುಂಡೂ ಆಗುತ್ತದೆ. ಲಕ್ಷಣ ಆಗಲೇ ಕಂಡಿದ್ದರೆ ಸೊಪ್ಪಿನ ಮೇಲೆ ಬಿಡಬೇಡಿ, ಡಾಕ್ಟರು ಅಳೆದು ವಿಟಮಿನ್ ಕೊಡಬೇಕು.

ಹುಲ್ಲು ಸದಾ ಇರಲಿ, ಹಲ್ಲು ಸವೆಯಲು ಅದೇ ಬೇಕು. ಗರಿಕೆ ಇವಕ್ಕೆ ತುಂಬಾ ಇಷ್ಟ. ಆದರೆ ಕಾಫಿ, ಅಡಿಕೆ ತೋಟದ ಹುಲ್ಲು ಕುಯ್ಯುವ ಮುಂಚೆ ಕೇಳಿಕೊಳ್ಳಿ. ಮಳೆ ಹಿಡಿಯುವ ಹೊತ್ತಿಗೆ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ, ಅದರಲ್ಲಿ ಮೈಲುತುತ್ತ ಇದೆ. ಕಳೆನಾಶಕ ಹೊಡೆದ ಜಾಗದ ಹುಲ್ಲೂ ಬೇಡ. ಒದ್ದೆ ಹುಲ್ಲಾದರೆ ಹರಡಿ ನೀರು ಆರಿಸಿ, ಇಂಬಳ ಇದೆಯಾ ನೋಡಿ ಹಾಕಿ. ಬೂಷ್ಟು ಹಿಡಿದ ಒಣಹುಲ್ಲನ್ನು ತಿಪ್ಪೆಗೆ ಹಾಕಿ.

ನಾಲ್ಕನೆಯದು ಹವೆ. 18ರಿಂದ 24 ಡಿಗ್ರಿ ಇವಕ್ಕೆ ಹಿತ. ಏಪ್ರಿಲ್‌ನಲ್ಲಿ ಹಾಸನದ ಶೀಟಿನ ಮನೆಯೊಳಗೆ 30 ದಾಟಿದರೆ ಅವು ಅಡ್ಡಡ್ಡ ಮಲಗಿ ಏದುಸಿರು ಬಿಡುತ್ತವೆ. ಆಗ ನೆರಳಿಗೆ, ತಣ್ಣನೆ ನೆಲಕ್ಕೆ ತಂದು, ಕಿವಿ ಪಾದಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಡಾಕ್ಟರಿಗೆ ಫೋನ್ ಮಾಡಿ. ಮಂಜುಗಡ್ಡೆ ನೀರಲ್ಲಿ ಅದ್ದಬೇಡಿ. ಚಳಿಗೆ ಅಂತ ಬಚ್ಚಲ ಒಲೆಯ ಪಕ್ಕ ಗೂಡಿಡುವುದೂ ಬೇಡ, ಹೊಗೆ ಅವಕ್ಕೆ ಆಗುವುದಿಲ್ಲ.

ಒಂದನ್ನು ಡಾಕ್ಟರ ಹತ್ತಿರ ಒಯ್ದು ತಂದ ಮೇಲೆ ಜಗಳ ಶುರುವಾಗಿದ್ದರೆ ಅದು ಆಸ್ಪತ್ರೆಯ ವಾಸನೆಗೆ. ಜಗಳವಿಲ್ಲದ ಜೋಡಿಯನ್ನು ಹೋಗುವಾಗಲೇ ಎರಡನ್ನೂ ಒಟ್ಟಿಗೆ ಕರೆದೊಯ್ಯಿರಿ.

ಜಗಳವೇ ಇಲ್ಲ, ಆದರೆ ಒಂದು ಬಡಕಲಾಗುತ್ತಿದೆ

ಸದ್ದಿಲ್ಲದ ದಬ್ಬಾಳಿಕೆ ಸದ್ದಿನ ಜಗಳಕ್ಕಿಂತ ಹೆಚ್ಚು ಕಾಡುತ್ತದೆ, ಯಾಕೆಂದರೆ ಯಾರಿಗೂ ಕಾಣುವುದಿಲ್ಲ. ಒಂದು ಯಾವಾಗಲೂ ಡಬ್ಬದೊಳಗೇ ಇರುತ್ತದೆ. ಬಟ್ಟಲಿನ ಹತ್ತಿರ ಬಂದರೆ ಇನ್ನೊಂದು ತಳ್ಳುತ್ತದೆ. ಮಲಗಲು ಬಿಡುವುದಿಲ್ಲ. ಅರ್ಧ ಗಂಟೆ ದೂರ ಕೂತು, ಮೊಬೈಲ್ ಬದಿಗಿಟ್ಟು ನೋಡಿದರೆ ತಿಳಿಯುತ್ತದೆ.

ಇದಕ್ಕೆ ಒಳ್ಳೆಯ ಸಾಕ್ಷಿ ತಕ್ಕಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಬುಟ್ಟಿ ಇಟ್ಟು ತೂಗಿ. ಹೊಸ ಜೋಡಿಯಾದರೆ ಮೊದಲ ವಾರ ದಿನಾ, ಆಮೇಲೆ ವಾರಕ್ಕೊಮ್ಮೆ, ಒಂದೇ ಹೊತ್ತಿಗೆ. ಬೆಳೆದ ಗಂಡು ಸಾಮಾನ್ಯವಾಗಿ 900 ಗ್ರಾಂನಿಂದ 1,200 ಗ್ರಾಂ ತೂಗುತ್ತದೆ. 50 ಗ್ರಾಂ ಇಳಿದರೆ ಕಣ್ಣಿಡಿ, ಬಟ್ಟಲುಗಳನ್ನು ಇನ್ನೂ ದೂರ ಮಾಡಿ, ಮೂರನೆಯ ಹುಲ್ಲಿನ ರಾಶಿ ಹಾಕಿ. ಒಂದು ಕಿಲೋ ಇದ್ದದ್ದು 100 ಗ್ರಾಂ ಕಳೆದುಕೊಂಡರೆ ಬೇರೆ ಮಾಡಿ ಡಾಕ್ಟರಿಗೆ ತೋರಿಸಿ. ಹಲ್ಲು ಉದ್ದ ಬೆಳೆದು ತಿನ್ನಲಾಗದೆಯೂ ಬಡಕಲಾಗುತ್ತವೆ, ಜೊಲ್ಲು ಸುರಿದು ಗಲ್ಲ ಒದ್ದೆಯಾಗಿದ್ದರೆ ಅದೇ ಅನುಮಾನ.

ಪೂರ್ತಿ ತಿನ್ನುವುದನ್ನೇ ಬಿಟ್ಟರೆ, ಹಿಕ್ಕೆ ನಿಂತರೆ, ನಾಳೆ ನೋಡೋಣ ಅನ್ನಬೇಡಿ. 12 ಗಂಟೆ ಹೊಟ್ಟೆ ಖಾಲಿಯಿದ್ದರೆ ಕರುಳಿನ ಚಲನೆಯೇ ನಿಂತುಹೋಗಬಹುದು. ರಾತ್ರಿಯಾದರೂ ಫೋನ್ ಮಾಡಬೇಕಾದ ಸಂಗತಿ ಇದು.

ಎಷ್ಟು ಸಲ ಬಿಟ್ಟರೂ ಅದೇ ಕತೆ

ರಕ್ತ ಬರುವಂತೆ ಕಚ್ಚಾಡಿದ ಜೋಡಿಯನ್ನು ಗಾಯ ಪೂರ್ತಿ ಮಾಯುವವರೆಗೆ ಸೇರಿಸಬೇಡಿ. ಅಷ್ಟು ದಿನ ಜಾಲರಿ ಅಡ್ಡ ಹಾಕಿ ಅಕ್ಕಪಕ್ಕ ಇಟ್ಟು, ಎರಡು ದಿನಕ್ಕೊಮ್ಮೆ ಹಾಸಿದ ಬಟ್ಟೆ ಅದಲು ಬದಲು ಮಾಡಿ. ಆಮೇಲೆ ಹೊಸ ಜಾಗದಲ್ಲಿ, ಮೊದಲ ದಿನದಂತೆಯೇ ಇನ್ನೊಮ್ಮೆ ಪ್ರಯತ್ನಿಸಿ. ಆಗಲೂ ನೇರವಾಗಿ ಕಾದಾಟಕ್ಕೆ ಇಳಿದರೆ ಅಲ್ಲಿಗೆ ನಿಲ್ಲಿಸಿ. ಮೂರನೇ ಸಲ ಮಾಡಿ ನೋಡಿ ಎಂದು ನಾನು ಹೇಳುವುದಿಲ್ಲ. ಕೆಲವು ಜೋಡಿ ಕೂಡುವುದೇ ಇಲ್ಲ, ಅದರಲ್ಲಿ ನಿಮ್ಮ ತಪ್ಪೂ ಇಲ್ಲ, ಅವುಗಳ ತಪ್ಪೂ ಇಲ್ಲ.

ಬೀಜ ತೆಗೆಸಿದರೆ ಸಾಧುವಾಗುತ್ತವೆ ಎಂದು ಕೇಳಿರುತ್ತೀರಿ. ಎರಡು ಗಂಡುಗಳ ನಡುವಿನ ಜಗಳಕ್ಕೆ ಅದು ನಂಬುವಂಥ ಮದ್ದಲ್ಲ, ಅರಿವಳಿಕೆಯ ಅಪಾಯ ಮಾತ್ರ ಖಚಿತ. ಒಂದನ್ನು ಹೆಣ್ಣಿನ ಜೊತೆ ಇಡುವ ಯೋಚನೆ ಇದ್ದರೆ ಮಾತ್ರ ಅದರ ಮಾತು ಬರುತ್ತದೆ. ಆಗಲೂ ಆಪರೇಷನ್ ಆಗಿ ಆರು ವಾರ ಕಾಯಬೇಕು, ಅಲ್ಲಿಯವರೆಗೆ ಮರಿಯಾಗುವ ಸಾಧ್ಯತೆ ಉಳಿದಿರುತ್ತದೆ.

ಕೂಡದ ಜೋಡಿಗೆ ಅಕ್ಕಪಕ್ಕದ ವಾಸವೇ ಸರಿ. ಒಂಟಿಯಾಗಿ ಬೇರೆ ಕೋಣೆಯಲ್ಲಿ ಹಾಕಬೇಡಿ. ಇವು ಗುಂಪಿನಲ್ಲಿ ಬಾಳುವ ಪ್ರಾಣಿ, ಇನ್ನೊಂದರ ಸದ್ದು, ವಾಸನೆ, ನೋಟ ಬೇಕೇ ಬೇಕು. ಉದ್ದನೆ ಅಂಗಳದ ನಡುವೆ ಗಟ್ಟಿ ಜಾಲರಿ ನಿಲ್ಲಿಸಿ. ಎತ್ತರ ಒಂದೂವರೆ ಅಡಿ ಇರಲಿ, ಜಾಲರಿಯ ತೂತು ಮೂಗು ತೂರದಷ್ಟು ಸಣ್ಣದಿರಲಿ. ಮೂಗು ತೂರಿದರೆ ಜಾಲರಿಯಲ್ಲೇ ತುಟಿ ಕಚ್ಚಿಕೊಳ್ಳುತ್ತವೆ. ತಂತಿಯ ಚೂಪು ತುದಿ ಒಳಗೆ ಮಡಚಿ. ಪ್ರತಿಯೊಂದಕ್ಕೂ ಕನಿಷ್ಠ ಏಳೆಂಟು ಚದರ ಅಡಿ ಸಿಗಲಿ. ಎರಡರ ಹುಲ್ಲಿನ ರಾಶಿಯನ್ನೂ ಜಾಲರಿಗೆ ತಾಗಿಸಿ ಎದುರೆದುರು ಇಡಿ, ಆಗ ಒಟ್ಟಿಗೆ ತಿಂದ ಹಾಗೇ ಆಗುತ್ತದೆ. ಜಾಲರಿ ಸಡಿಲವಾಗಿದೆಯಾ ಎಂದು ರಾತ್ರಿ ಮಲಗುವ ಮುಂಚೆ ಒಮ್ಮೆ ಅಲ್ಲಾಡಿಸಿ ನೋಡಿ, ಅವು ರಾತ್ರಿ ಹಲ್ಲಿನಿಂದ ಎಳೆಯುತ್ತಿರುತ್ತವೆ.